ಹಿಡಿಹತ್ತಿಯ ಗಾದಿ

ಗೋಕಾಕದ ಗಾಜಿನ ದವಾಖಾನೆಯ ಮೆಟ್ಟಿಲು ಹತ್ತಿದರೆ ಮನುಷ್ಯನ ಹೆಸರು ಹೊರಗೇ ಉಳಿಯುತ್ತಿತ್ತು.

ಬಾಗಿಲಲ್ಲಿ ಒಬ್ಬ ವಾಚಮನ್. ಅವನು ಬಂದವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಕೈಯಲ್ಲಿ ಕಾರಿನ ಕೀಲಿ ಇದ್ದರೆ "ಬರ್ರಿ ಸರ್" ಅನ್ನುತ್ತಿದ್ದ. ಸರಕಾರದ ಆರೋಗ್ಯ ಕಾರ್ಡು ಇದ್ದರೆ ಒಳಗೆ ತಿರುಗಿ ಕೂಗುತ್ತಿದ್ದ: "ರಾಧಿಕಾ ಮೇಡಂ, ಕಾರ್ಡು ಬಂತು!"

ಬಂದದ್ದು ಗಂಡಸಲ್ಲ, ಹೆಂಗಸಲ್ಲ. ಮುದುಕನಲ್ಲ, ಬಾಣಂತಿಯಲ್ಲ. ಕಾರ್ಡು. ಅಲ್ಲಿ ಕಾರ್ಡಿಗೆ ಜ್ವರ ಬರುತ್ತಿತ್ತು. ಕಾರ್ಡು ಕೆಮ್ಮುತ್ತಿತ್ತು. ಕಾರ್ಡು ಕುಡಿಯಲು ನೀರು ಕೇಳುತ್ತಿತ್ತು. ರೊಕ್ಕ ಎಣಿಸುವವರಿಗೆ ಒಳಗೆ ತಂಪು ಗಾಳಿ, ಮೆತ್ತನ್ನ ಕುರ್ಚಿ. ಕಾರ್ಡಿಗೆ ಹೊರಗೆ, ಜನರೇಟರಿನ ಬಾಜೂ, ಒಂದು ಕಬ್ಬಿಣದ ಬೆಂಚು. ಬಿಸಿಲೇರಿದರೆ ಅದು ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು.

"ಮಗ್ಗಲಾ ತಿರುಗ್ರಿ, ಮಗ್ಗಲಾ ತಿರುಗ್ರಿ, ಒಂದ ಕಡೆ ಬೆಂದೀರಿ," ಎಂದು ಬೆಂಚಿನ ಮೇಲಿದ್ದವರನ್ನು ಕೆಂಪವ್ವ ನಗಿಸುತ್ತಿದ್ದಳು. ಮೂಡಲಗಿ ಕಡೆಯ ಕೆಂಪವ್ವ ಕಬ್ಬು ಕಡಿದು ಬದುಕಿದವಳು. ಈಗ ಪಾದದಲ್ಲಿ ಮಾಯದ ಹುಣ್ಣು. "ಜೀವಮಾನಾ ಸಕ್ಕರಿಗಂತ ಕಬ್ಬ ಕಡದೆ. ಈಗ ಸಕ್ಕರಿ ನನ್ನ ಕಾಲ ಕಡ್ಯಾಕತ್ತೈತಿ," ಅನ್ನುವಳು. ಬೆಂಚಿಗೆ ಅವಳೇ ಹಿರಿಯಳು. ಅವಳಿಗಿಂತ ಮೊದಲು ಬಂದವರು ಬೇಸತ್ತು ಮನೆಗೆ ಹೋಗಿದ್ದರು. ಕೆಲವರು ಮಣ್ಣಿಗೆ ಹೋಗಿದ್ದರು.

ಆ ಬೆಂಚಿಗೆ ರಹಿಮಾಬಿಯೂ ಗಂಡನನ್ನು ಕರೆತರುತ್ತಿದ್ದಳು. ಗಂಡ ಬಾಬಾಜಾನ ಕೂಡಲಾರ. ನಿಂತೇ ಇರುತ್ತಿದ್ದ, ಅಂಗೈಯಿಂದ ಕಿಬ್ಬೊಟ್ಟೆ ಒತ್ತಿ ಹಿಡಿದುಕೊಂಡು. ಘಟಪ್ರಭಾದ ನದಾಫ ಗಲ್ಲಿಯ ಪಿಂಜಾರ ಅವನು. ಮೀಸೆ ಮೂಡುವ ಮೊದಲು ಹತ್ತಿ ಹಿಂಜುವ ಬಿಲ್ಲು ಹಿಡಿದವನು. ಹತ್ತಿ ಹಿಂಜಿದ, ಹತ್ತಿಮೂಟೆಯ ಅಂಡಿಗೆ ಹೊತ್ತ, ಗಾದಿ ಹೊಲಿದ. ಮಂದಿ ಮೆತ್ತಗೆ ಮಲಗಲೆಂದು ತಾನು ಗಟ್ಟಿಯಾಗಿ ದುಡಿದ. ಹಾಗೆ ಒಂದು ದಿನ ಅಂಡಿಗೆ ಎತ್ತುವಾಗ ಹೊಟ್ಟೆಯೊಳಗೆ ಏನೋ ಹರಿಯಿತು. ಲಿಂಬೆಕಾಯಿಯಷ್ಟು ಗಂಟು ಹೊರಬಂತು. ಈಗ ಅದು ಬದನೆಕಾಯಿಯಷ್ಟಾಗಿತ್ತು. ಹಿಂಜುವ ಬಿಲ್ಲಿಗೆ ಕಟ್ಟುವುದೂ ಕರುಳಿನ ದಾರವೇ. ಬಿಲ್ಲಿನ ಕರುಳು ಗಟ್ಟಿಯಿತ್ತು, ಹಿಡಿದವನ ಕರುಳು ಜಾರಿತ್ತು.

ಸರಕಾರಿ ದವಾಖಾನೆಯ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮುಟ್ಟಿ ನೋಡುವವಳು. "ಅಜ್ಜಾ, ಈಗ ಒತ್ತಿದ್ರ ಒಳಗ ಹೋಗತೈತಿ. ಒಂದಿನ ಹೋಗಂಗಿಲ್ಲ. ಆವತ್ತ ಜೀವಕ್ಕ ಬರತೈತಿ. ಕೊಯ್ಯೋ ಡಾಕ್ಟರು ನಮ್ಮಲ್ಲಿಲ್ಲ. ಗಾಜಿನ ದವಾಖಾನಿಗೆ ಬರದ ಕೊಡ್ತೇನಿ. ನಿಮ್ಮದು ಬಡವರ ಕಾರ್ಡು, ಪೂರಾ ಪುಕ್ಕಟ ಆಗತೈತಿ," ಅಂದಿದ್ದಳು.

ಪೂರಾ ಪುಕ್ಕಟೆ ಅನ್ನುವ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ರಹಿಮಾಬಿ ಬಂದಿದ್ದಳು. ಬಂದಾಗಲೆಲ್ಲ ಕೌಂಟರಿನ ರಾಧಿಕಾ ಒಂದೇ ಉತ್ತರ ಕೊಡುತ್ತಿದ್ದಳು. "ಬೆಡ್ ಇಲ್ಲ ಆಂಟಿ. ಖಾಲಿ ಆದ್ರ ಫೋನ್ ಮಾಡ್ತೇವಿ."

ಫೋನು ಬರಲಿಲ್ಲ. ಗಂಟು ಬೆಳೆಯಿತು.

ಆ ದಿನ ರಹಿಮಾಬಿ ಕೌಂಟರಿಗೆ ಎದೆಯಾನಿಸಿ ನಿಂತಳು. "ಬೆಡ್ ಬೆಡ್ ಅಂತೀಯಲ್ಲವ್ವಾ, ಬೆಡ್ ಅಂದ್ರ ಗಾದೀನಽ ಹೌದಿಲ್ಲೋ?"

ರಾಧಿಕಾಳ ಒಂದು ಕಿವಿಯಲ್ಲಿ ಫೋನಿತ್ತು. ಇನ್ನೊಂದರಲ್ಲಿ ಮ್ಯಾನೇಜರ ಭೀಮರಾಯನ ಕೂಗಿತ್ತು. "ಹೂಂ ಬೇ, ಗಾದಿ. ಗಾದಿ ಇಲ್ಲ. ಗಾದಿ ಇದ್ದಿದ್ರ ಎಂದೋ ಮಲಗಸ್ತಿದ್ವಿ. ಸರಿ ಈಗ."

ರಹಿಮಾಬಿಯ ಮುಖ ಅರಳಿತು. ಹಿಂಜಿದ ಹತ್ತಿ ಅರಳುತ್ತದಲ್ಲ, ಹಾಗೆ.

"ಅಯ್ಯ ನನ ಮಗಳ! ಇಷ್ಟ ಮಾತ ಮೊದಲಽ ಹೇಳಬಾರದಾ?"

ಹೊರಗೆ ಬಂದು ಗಂಡನ ತೋಳು ಹಿಡಿದಳು. "ನಡೀರಿ ಮನೀಗೆ. ಗಾದಿ ಇಲ್ಲಂತ ಪಾಪ. ಗ್ವಾಡಿಗೆಲ್ಲಾ ಗಾಜ ಹಚ್ಚೂದ್ರಾಗ ರೊಕ್ಕ ತೀರಿರಬೇಕು."

"ಗಾದಿ ಇಲ್ಲದ ದವಾಖಾನಿ?" ಬಾಬಾಜಾನ ನಿಂತಲ್ಲೇ ಬೆರಗಾದ. "ಒಲಿ ಇಲ್ಲದ ಅಡಗೀಮನಿ ಆತಲ್ಲಬೇ ಇದು."

"ನಾವ್ ಇರೂದು ಯಾಕ ಮತ್ತ? ಹೊಲದ ತರೂಣು."

ಕೆಂಪವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳಿಗೆ ನಿಜ ಗೊತ್ತಿತ್ತು. ಆದರೆ ಆ ಮುಖ ನೋಡಿ ಹೇಳಲು ಮನಸ್ಸು ಬರಲಿಲ್ಲ. "ತಗೊಂಡ ಬಾ ಯಕ್ಕಾ," ಅಂದಳು. "ತಂದದ್ದನ್ನ ನಾನೂ ಕಣ್ಣಿಲೆ ನೋಡ್ತೇನಿ."

*

ನದಾಫ ಗಲ್ಲಿಯಲ್ಲಿ ಒಂದು ಹಳೆಯ ರೂಢಿ ಇತ್ತು. ಯಾರದೇ ಮನೆಯಲ್ಲಿ ಹೊಸ ಗಾದಿ ಹಿಂಜಲು ಕೂತರೆ, ಮೊದಲ ಒಂದು ಹಿಡಿ ಹತ್ತಿ ತೆಗೆದಿಡಬೇಕು. ಗಲ್ಲಿಯ ತುದಿಯ ಬೇವಿನ ಮರದ ಎದುರು ಒಂದು ಕೋಣೆ, ಕೋಣೆಯಲ್ಲಿ ತೂಗುಹಾಕಿದ ಚೀಲ. ಹಿಡಿ ಅದರೊಳಗೆ ಹೋಗಬೇಕು. ಚೀಲ ತುಂಬಿದರೆ ಒಂದು ಗಾದಿ. ಆ ಗಾದಿ ಯಾರದೂ ಅಲ್ಲ. ಗಲ್ಲಿಯಲ್ಲಿ ಯಾರು ಬಿದ್ದರೂ ಅವರ ಮನೆಗೆ ಹೋಗುತ್ತಿತ್ತು. ಜ್ವರದವರಿಗೆ, ಕಾಲು ಮುರಿದವರಿಗೆ, ಬಾಣಂತಿಗೆ. ನೀನು ಎಷ್ಟು ಹಿಡಿ ಹಾಕಿದಿ ಎಂದು ಯಾರೂ ಕೇಳುತ್ತಿರಲಿಲ್ಲ. ಎದ್ದವರು ಬಿಸಿಲಿಗೆ ಒಣಹಾಕಿ ತಿರುಗಿ ಕೊಡುತ್ತಿದ್ದರು. ಅದಕ್ಕೆ ಹಿಡಿಹತ್ತಿ ಅನ್ನುತ್ತಿದ್ದರು.

ರಹಿಮಾಬಿಯ ಅಪ್ಪ ಮೊಹರಮ್ಮಿನಲ್ಲಿ ಪದ ಹೇಳುವವರ ಮೇಳದಲ್ಲಿದ್ದ. ಹಿಂಜಲು ಕೂತಾಗಲೂ ಬಿಲ್ಲಿನ ಠೇಕಿಗೆ ಪದ ಕಟ್ಟುತ್ತಿದ್ದ. ಅವಳು ತೊಟ್ಟಿಲಿನಿಂದ ಕೇಳಿದ ಪದ:

ಹಿಡಿಹಿಡಿ ಹತ್ತಿ ಹಿಡಿದರ ಗಾಳಿ
ಕೂಡಿಸಿ ಹೊಲಿದರ ಹಾಸಗಿ
ನಿನ್ನದು ಯಾವುದು ನನ್ನದು ಯಾವುದು
ಕೇಳಲಿ ಬ್ಯಾಡ ಮಲಗಿದ ಮೈಗಿ

ಫೋಮಿನ ಗಾದಿ ಬಂದ ಮೇಲೆ ಕೆಲಸ ಕುಗ್ಗಿತ್ತು. ಚೀಲ ಅರ್ಧಕ್ಕೇ ನಿಂತಿತ್ತು. ರಹಿಮಾಬಿ ಗಲ್ಲಿಯ ಬಾಗಿಲು ಬಾಗಿಲಿಗೂ ನಿಂತಳು. "ದವಾಖಾನ್ಯಾಗ ಗಾದಿ ಇಲ್ಲಂತ. ಒಂದೊಂದ ಹಿಡಿ ಹಾಕ್ರಿ." ಯಾರೂ ಇಲ್ಲ ಅನ್ನಲಿಲ್ಲ. ಒಬ್ಬಳು ತನ್ನ ತಲೆದಿಂಬು ಬಿಚ್ಚಿಯೇ ಕೊಟ್ಟಳು.

ಗೋಡೆಯ ಬಿಲ್ಲು ಕೆಳಗಿಳಿಯಿತು. ಬಾಬಾಜಾನ ಮುಟ್ಟಲಾರ, ಹೊಸ್ತಿಲಲ್ಲಿ ನಿಂತು ನೋಡಿದ. ರಹಿಮಾಬಿ ಬಿಸ್ಮಿಲ್ಲಾ ಅಂದು ಮೊಣಕಾಲೂರಿದಳು. ಟಂಯ್, ಟಂಯ್, ಟಂಯ್. ಭುಜ ಸೋತಿತು. ಅಂಗೈ ಕೆಂಪಾಯಿತು. ಮೂಗಿನಲ್ಲಿ ಹತ್ತಿ, ರೆಪ್ಪೆಯ ಮೇಲೆ ಹತ್ತಿ, ಬೆವರಿಗೆ ಅಂಟಿದ ಹತ್ತಿ.

"ಅಕ್ಕಿಕಾಳ ಬಿದ್ದ ಹೊಸಾ ಮದಲಗಿತ್ತಿ ಕಂಡಂಗ ಕಾಣಾಕತ್ತೀ ನೋಡು," ಅಂದ ಬಾಬಾಜಾನ.

"ಬರೇ ತಲಿ ಬೆಳ್ಳಗಾಗೇತಿ ಅನ್ರಿ. ಸುಮ್ಮ ಯಾಕ ಸುತ್ತಿ ಬಳಸಿ!"

ಸೊಸೆ ಫರೀನ ಸ್ಟೇಶನ್ನಿನ ಹತ್ತಿರ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳು ಬರುವ ಹೊತ್ತಿಗೆ ಗಾದಿಯ ಖೋಳಕ್ಕೆ ಹತ್ತಿ ತುಂಬಿ, ರಹಿಮಾಬಿ ದೊಡ್ಡ ಸೂಜಿಯಲ್ಲಿ ಟಾಕಿ ಹಾಕುತ್ತಿದ್ದಳು. ಯಾರಿಗೆ ಎಂದು ಕೇಳಿದಳು. ಕೇಳಿ ನಕ್ಕಳು. ನಗುತ್ತ ನೆಲಕ್ಕೆ ಕೂತಳು. ಕೂತ ಮೇಲೆ ಅತ್ತೆಯ ಕೆಂಪು ಅಂಗೈ ಕಂಡಿತು. ನಗೆ ನಿಂತಿತು.

"ಅತ್ತೀ, ಬೆಡ್ ಇಲ್ಲ ಅಂದ್ರ ಗಾದಿ ಇಲ್ಲ ಅಂತಲ್ರಿ."

"ಮತ್ತ?"

"ನಿಮಗ ಇಲ್ಲ ಅಂತ್ರಿ."

ಸೂಜಿ ಅಲ್ಲೇ ನಿಂತಿತು.

ಫರೀನ ಬಿಡಿಸಿ ಹೇಳಿದಳು. ಕಾರ್ಡಿನವರ ಆಪರೇಶನ್ನಿಗೆ ಸರಕಾರ ರೊಕ್ಕ ಕೊಡುತ್ತದೆ. ಆದರೆ ಕಡಿಮೆ ಕೊಡುತ್ತದೆ, ತಡವಾಗಿ ಕೊಡುತ್ತದೆ. ನಗದಿನವರು ಹೆಚ್ಚು ಕೊಡುತ್ತಾರೆ, ಅಲ್ಲೇ ಕೊಡುತ್ತಾರೆ. ಅದಕ್ಕೆ ಖಾಲಿ ಮಂಚಗಳನ್ನು ಅವರಿಗಾಗಿ ಇಟ್ಟಿರುತ್ತಾರೆ. ಬಾಗಿಲಿಗೆ ಸರಕಾರದ ಯೋಜನೆಯ ಬೋರ್ಡು. ಬಾಯಿಗೆ ಬೆಡ್ ಇಲ್ಲ.

ರಹಿಮಾಬಿಗೆ ಮೊದಲು ನಾಚಿಕೆಯಾಯಿತು. ಗಲ್ಲಿಯೆಲ್ಲ ಹಿಡಿ ಎತ್ತಿ ಬಂದೆನಲ್ಲ ಎಂದು. ಆಮೇಲೆ ಕಣ್ಣ ಮುಂದೆ ಕಬ್ಬಿಣದ ಬೆಂಚು ಬಂತು. ನಿಂತೇ ಬೆವರುವ ಗಂಡ ಬಂದ. ನಾಚಿಕೆ ತನ್ನದಲ್ಲ ಎಂದು ಆಗ ತಿಳಿಯಿತು. ತನ್ನದಲ್ಲದ್ದನ್ನು ಇಷ್ಟು ದಿನ ಹೊತ್ತಿದ್ದಳು. ಇಳಿಸಿಬಿಟ್ಟಳು.

ಸೂಜಿ ಮತ್ತೆ ಗಾದಿಯೊಳಗೆ ಇಳಿಯಿತು.

"ಇನ್ನೂ ಹೊಲಿತೀರಿ?" ಅಂದಳು ಫರೀನ.

"ಅವ್ರ ಹೊಟ್ಟ್ಯಾಗ ಏನೈತಿ ನಾ ಕಂಡಿಲ್ಲವಾ. ಬಾಯಿಲೆ ಗಾದಿ ಇಲ್ಲಂದಾರ. ನಾನು ಬಾಯಿಗೆ ಜವಾಬು ಕೊಡ್ತೇನಿ." ಹಲ್ಲಿನಿಂದ ದಾರ ಕಡಿದಳು. "ನಾಳೆ ನೀ ಫೋನ್ ಹಚ್ಚಿಟ್ಟಿರು."

*

ಮುಂಜಾನೆ ಹುಕ್ಕೇರಿಯಿಂದ ಗೋಕಾಕಕ್ಕೆ ಹೋಗುವ ಬಸ್ಸು ಘಟಪ್ರಭಾದಲ್ಲಿ ನಿಂತಿತು. ಬಾಬಾಜಾನನನ್ನು ಜನ ಕೈಗೊಟ್ಟು ಹತ್ತಿಸಿದರು. ಹಿಂದಿನಿಂದ ಸುರುಳಿ ಸುತ್ತಿದ ಗಾದಿ ಹತ್ತಿತು. ಗಾದಿಯ ಕೆಳಗೆ ರಹಿಮಾಬಿ ಇದ್ದಳು.

"ಏ ಯವ್ವಾ, ಗಾದಿಗೆ ಲಗೇಜ್ ಟಿಕೀಟ ಆಗತೈತಿ!" ಕಂಡಕ್ಟರ ಕೂಗಿದ.

"ಗಾದಿ ಹೆಣ್ಣಪಾ. ಹೆಣ್ಣಿಗೆ ಫ್ರೀ ಅಲ್ಲ?"

"ಹಂಗಾರ ಆಧಾರ ತೋರ್ಸು ಅದರದು."

"ಅದಽ ಆಧಾರ. ಬೆನ್ನಿಗೆ ಅದಕ್ಕಿಂತ ಆಧಾರ ಯಾವುದೈತಿ?"

ಬಸ್ಸು ಬಿದ್ದು ಬಿದ್ದು ನಕ್ಕಿತು. ಕಂಡಕ್ಟರ ಸೋತು ಮುಂದೆ ಸರಿದ.

ಮುಂದಿನ ಸೀಟಿನಿಂದ ಒಬ್ಬ ಯಜಮಾನ ತಿರುಗಿದ. ನಿಡಸೋಸಿ ಕಡೆಯ ಭೂಪಾಲ, ಜೈನರ ಒಕ್ಕಲಿಗ. ಬಾಜೂಕಿಗೆ ಹೆಂಡತಿ ಸೀತಾಬಾಯಿ, ಮುಖ ಬಾಡಿತ್ತು. ಅವರ ಮಗಳು ಶುಭಾಂಗಿಯ ಮದುವೆಗೆ ಗಾದಿ ಹೊಲಿದದ್ದು ಇದೇ ರಹಿಮಾಬಿ.

"ಎಲ್ಲಿಗೆ ಒಯ್ಯಾಕತ್ತೀ ರಹಿಮಾಬಿ? ಯಾರ ಮದಿವಿ?"

"ಗಾಜಿನ ದವಾಖಾನಿಗ್ರಿ ಅಣ್ಣಾರ. ನೀವೆಲ್ಲಿಗೆ?"

"ಅಲ್ಲಿಗೇನಽ. ಈಕೀ ಪಿತ್ತಕೋಶದಾಗ ಹಳ್ಳು ಆಗ್ಯಾವ." ಭೂಪಾಲ ಮುಖ ಗಂಟಿಕ್ಕಿದ. "ನಿಮ್ಮದು ಆರಾಮ. ನಿಮ್ಮ ಕಾರ್ಡಿಗೆ ಪೂರಾ. ನಮ್ಮ ಕಾರ್ಡಿನ ಬಣ್ಣ ಬ್ಯಾರೆ, ಸರಕಾರ ಒಂದು ಪಾಲಷ್ಟಽ ಕೊಡತೈತಿ. ಉಳದದ್ದು ನಮ್ಮ ಕೊರಳಿಗೆ."

"ಪೂರಾ ಐತ್ರಿ ಅಣ್ಣಾರ. ಬೆಂಚ ಪೂರಾ ನಮ್ಮದಽ."

ಸೀತಾಬಾಯಿ ನೋವಿನಲ್ಲೂ ನಕ್ಕಳು.

"ನಗೂ ಮಾತಲ್ಲ," ಭೂಪಾಲ ಅಂದ. "ಬಡವ್ರಿಗೆ ಕೊಡ್ಲಿ, ಬ್ಯಾಡನ್ನಂಗಿಲ್ಲ. ಈಗ ಟೀವ್ಯಾಗ ಎಲ್ಲಾರಿಗೂ ಕೊಡ್ರಿ, ಎಲ್ಲಾರಿಗೂ ಕೊಡ್ರಿ ಅಂತ ಕೂಗ್ತಾರಲ್ಲ, ಸರಕಾರ ಎಲ್ಲಿಂದ ತರಬೇಕು? ಸಾವಕಾರಗೂ ಪುಕ್ಕಟ ಯಾಕ?"

"ಹೌದೇನ್ರಿ?" ಸೀತಾಬಾಯಿ ಸೀರೆಯ ನಿರಿಗೆ ಸರಿಮಾಡಿದಳು. "ಹಂಗಾರ ನಾ ಇಲ್ಲೇ ಇಳೀತೇನಿ. ಕೊರಳಾಗ ಬಂಗಾರ ಹಾಕ್ಕೊಂಡ ಪುಕ್ಕಟ ಬಸ್ಸಿನ್ಯಾಗ ಕುಂತೇನಿ."

"ಇಳೀಬ್ಯಾಡ್ರೆಕ್ಕಾ," ರಹಿಮಾಬಿ ಅವಳ ಮೊಣಕೈ ಹಿಡಿದಳು. "ನೀವು ಕುಂತೀರಿ ಅಂತನಽ ಈ ಬಸ್ಸ ನಿಂದರತೈತಿ. ಬರೇ ಬಡವ್ರ ಬಸ್ಸ ಅಂದಿದ್ರ ಸೀಟ ಹರದಿರ್ತಿತ್ತು. ಕಿಟಕಿ ಇರ್ತಿದ್ದಿಲ್ಲ. ಕೈ ಮಾಡಿದ್ರ ಧೂಳ ಹಾರಿಸ್ಕೊಂಡ ಹೋಗ್ತಿತ್ತು."

"ಈಗೂ ಕೆಲವೊಂದ ಹಂಗಽ ಹೋಗ್ತಾವ ಯಕ್ಕಾ," ಹಿಂದಿನಿಂದ ಯಾರೋ ಅಂದರು. ಕಂಡಕ್ಟರ ಕೇಳದವನಂತೆ ಟಿಕೀಟು ಹರಿದ.

ಭೂಪಾಲ ಬಿಡಲಿಲ್ಲ. "ಬಸ್ಸಿನ ಮಾತ ಬ್ಯಾರೆ. ದವಾಖಾನಿ ಮಾತ ಬ್ಯಾರೆ."

ರಹಿಮಾಬಿ ಗಾದಿಯ ಮೇಲೆ ಕೈ ಇಟ್ಟಳು. ಹಿಡಿಹತ್ತಿಯ ರೂಢಿ ಹೇಳಿದಳು. "ಎರಡ ಮಾಳಗಿ ಮನಿಯವರು ಹೆಚ್ಚ ಹಿಡಿ ಹಾಕ್ತಿದ್ರು. ನಮ್ಮಂಥವರು ಅರ್ಧಾ ಹಿಡಿ. ಹಾಕೂ ಮುಂದ ಹೆಚ್ಚ ಕಡಿಮಿ ಇರ್ಲಿ ಅಣ್ಣಾರ. ಮಲಗೂ ಮುಂದ ಬ್ಯಾಡ."

"ಕಳ್ಳರು ಇರಂಗಿಲ್ಲೇನು? ಹಾಕದನ ಮಲಗಾವ್ರು?"

"ಇದ್ದ ಒಬ್ಬಾಂವ. ಬೀಜ ಬಿಡಸದ ಹತ್ತಿ ಹಾಕ್ತಿದ್ದ, ಹಿಡಿ ದೊಡ್ಡದು ಕಾಣಲಿ ಅಂತ. ಅವನ ಹೆಂಡತಿ ಬಾಣಂತನಕ್ಕ ಅದಽ ಗಾದಿ ಬಂತು. ಬೀಜ ಒಂದೊಂದಽ ಬೆನ್ನಿಗೆ ಚುಚ್ಚಿದ್ವು. ಆಕಿ ಎದ್ದಾಕೀನಽ ಪೊರಕಿ ಹಿಡದ್ಲು. ಮುಂದ ಅಂವ ಬೀಜ ಹಾಕ್ಲಿಲ್ಲ."

ಬಸ್ಸು ಮತ್ತೆ ನಕ್ಕಿತು. ಭೂಪಾಲನೂ ಮೀಸೆಯೊಳಗೆ ನಕ್ಕ. ಒಪ್ಪಿದೆ ಅನ್ನಲಿಲ್ಲ. ಆದರೆ ಇಳಿಯುವಾಗ ಗಾದಿಯ ಒಂದು ತುದಿಯನ್ನು ತಾನೇ ಹಿಡಿದ.

*

ಬಾಗಿಲಲ್ಲಿ ವಾಚಮನ್ ಕೈ ನೋಡಿದ. ರಹಿಮಾಬಿಯ ಕೈಯಲ್ಲಿ ಕಾರ್ಡು ಕಾಣಲಿಲ್ಲ, ಗಾದಿ ಕಂಡಿತು. ಜತೆಗೆ ಭೂಪಾಲನ ಬೂಟು ಕಂಡಿತು. ಸಾಮಾನು ತಂದವರು ಅಂದುಕೊಂಡ. ಬಾಗಿಲು ತೆರೆದ.

ರಹಿಮಾಬಿ ತಂಪು ಗಾಳಿಯ ಹಾಲಿನ ನಟ್ಟನಡುವೆ ಗಾದಿ ಬಿಚ್ಚಿದಳು. ಅಂಗೈಯಿಂದ ನಾಲ್ಕು ಕಡೆ ಬಡಿದು ಸಮ ಮಾಡಿದಳು. "ಮಲಗ್ರಿ," ಅಂದಳು. ಬಾಬಾಜಾನ ನಿಧಾನಕ್ಕೆ ಮೊಣಕಾಲೂರಿ, ಮಗ್ಗಲಾಗಿ, ಬೆನ್ನಿನ ಮೇಲೆ ಹೊರಳಿದ. ಆ ದವಾಖಾನೆಯಲ್ಲಿ ಮೊದಲ ಸಲ ಮಲಗಿದ. ಉಸಿರು ಬಿಟ್ಟ. ಅಷ್ಟು ದೊಡ್ಡ ಉಸಿರು ಅವನೊಳಗೆ ಇತ್ತೆಂದು ರಹಿಮಾಬಿಗೂ ಗೊತ್ತಿರಲಿಲ್ಲ.

ರಾಧಿಕಾ ಕೌಂಟರಿನಿಂದ ಓಡಿ ಬಂದಳು. "ಇದೇನಬೇ ಆಂಟಿ ಇದು!"

"ಗಾದಿ ಇಲ್ಲಂದ್ಯಲ್ಲವ್ವಾ. ತಂದೇವಿ. ಇನ್ನ ಕೊಯ್ರಿ."

ಮೆತ್ತನ್ನ ಕುರ್ಚಿಗಳ ಮೇಲಿದ್ದವರು ಕಿಸಕ್ಕನೆ ನಕ್ಕರು. ಒಬ್ಬ ಫೋನು ಎತ್ತಿ ಹಿಡಿದ. ರಾಧಿಕಾ ಗಾದಿಯನ್ನೇ ನೋಡಿದಳು. ತನ್ನ ಮಾತು ತನ್ನೆದುರೇ ಹಾಸಿಕೊಂಡು ಮಲಗಿತ್ತು.

ಮ್ಯಾನೇಜರ ಭೀಮರಾಯ ಬಂದ. ಇಸ್ತ್ರಿ ಮುರಿಯದ ಅಂಗಿ. "ಯಾರ್ ಬಿಟ್ರು ಇವರ್ನ ಒಳಗ? ಎತ್ರಿ ಅದನ್ನ. ಎಲ್ಲಿ ಜಾಗಾ ಕಂಡ್ರ ಅಲ್ಲಿ ಹಾಸಿಬಿಡೂದು. ನಿಮ್ಮ ಮಂದೀದ ಇದಽ ಹಾಡು."

ನಿಮ್ಮ ಮಂದಿ. ಬಡವರೋ, ಪಿಂಜಾರರೋ, ಮುಸಲ್ಮಾನರೋ, ಅವನು ಬಿಡಿಸಿ ಹೇಳಲಿಲ್ಲ. ಮೂರನ್ನೂ ಒಂದೇ ಮಾತಿನಲ್ಲಿ ಮುಗಿಸಿದ. ರಹಿಮಾಬಿಗೆ ಕಿವಿ ಬಿಸಿಯಾಯಿತು. ಕೂಗಲಿಲ್ಲ.

"ಸಾಹೇಬರ, ಬೋರ್ಡ ಯಾಕ ಹಾಕೀರಿ ಬಾಗಲಿಗೆ? ಕಾರ್ಡ ನಡೀತೈತಿ ಅಂತ?"

"ಸರಕಾರದ ರೊಕ್ಕ ಯಾವಾಗ ಬರತೈತಿ ನಿನಗ ಗೊತ್ತೇನು? ನರ್ಸಿಗೆ ಪಗಾರ ಯಾರ ಕೊಡಬೇಕು? ಧರ್ಮಛತ್ರ ಇಟ್ಟೇವೇನ್ ನಾವು?"

"ಖರೆ ಇರಬೇಕ್ರಿ. ಅದು ನಿಮ್ಮದೂ ಸರಕಾರದ್ದೂ ಜಗಳ. ನಡುವ ನನ್ನ ಗಂಡನ ಕರುಳ ಯಾಕ ಸಿಗಬೇಕು?"

ಕುರ್ಚಿಗಳ ನಗೆ ನಿಂತಿತು. ಫೋನುಗಳು ಹೆಚ್ಚಾದವು. ಭೀಮರಾಯ ಅವನ್ನು ನೋಡಿದ. ದನಿ ಇಳಿಸಿದ. ಬಾಗಿ, ಗುಟ್ಟು ಹೇಳುವವನಂತೆ ಅಂದ. "ಆತು. ಒಂದು ಬೆಡ್ ಈಗ ಖಾಲಿ ಆಗೇತಿ. ನಿನ್ನ ಗಂಡನ್ನ ಮ್ಯಾಲ ಕರಕೊಂಡ ನಡಿ. ಇವತ್ತಽ ಆಪರೇಶನ್. ಗಾದಿ ಎತ್ತು, ಬಾಯಿ ಮುಚ್ಚು."

ಒಂದು ಬೆಡ್. ಈಗ ಖಾಲಿ ಆಗಿದೆ. ಇಷ್ಟು ದಿನ ದುವಾದಲ್ಲಿ ಬೇಡಿದ್ದು ಇದನ್ನೇ. ರಹಿಮಾಬಿಯ ಕಾಲು ಮೇಲಿನ ಮೆಟ್ಟಿಲ ಕಡೆಗೆ ತಾನಾಗಿ ತಿರುಗಿತು. ಗಂಡ ಬದುಕುತ್ತಾನೆ. ಹೂಂ ಅನ್ನಬೇಕು, ಅಷ್ಟೆ.

ಗಾಜಿನಾಚೆ ಕೆಂಪವ್ವ ಕಂಡಳು. ಬೆಂಚಿನಿಂದ ಎದ್ದು ಗಾಜಿಗೆ ಮುಖ ಒತ್ತಿ ನಿಂತಿದ್ದಳು. ಮೂಗು ಚಪ್ಪಟೆಯಾಗಿತ್ತು. ಅವಳ ಹಿಂದೆ ಉಳಿದವರು. ಎಲ್ಲರ ಉಸಿರಿಗೂ ಗಾಜು ಮಂಜುಮಂಜಾಗಿತ್ತು.

"ಆಕೀಗೆ?" ಅಂದಳು ರಹಿಮಾಬಿ.

"ಆಕಿ ಮಾತ ನಿನಗ್ಯಾಕ? ನಿನಗ ಸಿಕ್ಕತೈತಿ. ಬ್ಯಾಡಂದ್ರ ನಿನ್ನ ಗಂಡಗೂ ಇಲ್ಲ."

ರಹಿಮಾಬಿ ಗಂಡನ ಮುಖ ನೋಡಿದಳು. ಜೀವ ಅವನದು. ಅವನನ್ನು ಕೇಳದೆ ಏನು ಹೇಳುವುದು? ಬಾಬಾಜಾನ ಛತ್ತಿನ ದೀಪ ನೋಡುತ್ತ ಮಲಗಿದ್ದ. ಎರಡೂ ಕೈ ತಲೆಯ ಕೆಳಗೆ ಸೇರಿಸಿದ.

"ನಾ ಏಳಂಗಿಲ್ಲಬೇ," ಅಂದ. "ಭಾಳ ಮೆತ್ತಗ ಆಗೇತಿ. ಹಿಡಿಹತ್ತಿ ಗಾದಿ ಬಿಟ್ಟ ಒಬ್ಬಾಂವನಽ ಮ್ಯಾಲ ಹೋದ್ರ ಬೀಜ ಚುಚ್ಚತಾವ."

ರಹಿಮಾಬಿ ತಿರುಗಿ ನಿಂತಳು. "ಒಲ್ಲೆವ್ರಿ ಸಾಹೇಬರ."

"ಏನು?"

"ಒಂದ ಬೆಡ್ ಒಲ್ಲೆವು. ಬೆಂಚಿನ್ಯಾಗ ಕುಂತಾವ್ರಿಗೆಲ್ಲಾ ಕೊಡ್ರಿ. ಇಲ್ಲಾ, ಬೋರ್ಡ ಇಳಸ್ರಿ."

ಆಮೇಲೆ ಅವಳೇ ಹೋಗಿ ಗಾಜಿನ ಬಾಗಿಲು ತೆರೆದಳು. ವಾಚಮನ್ ತಡೆಯಲು ಕೈ ಎತ್ತಿದ. ಅವನ ಮುಂದೆ ಕೆಂಪವ್ವ ತನ್ನ ಹುಣ್ಣಿನ ಕಾಲು ಎತ್ತಿ ತೋರಿಸಿದಳು. ಕೈ ಇಳಿಯಿತು. ಕುಂಟುತ್ತ ಬಂದು ಗಾದಿಯ ಅಂಚಿಗೆ ಕೂತಳು. "ಯಪ್ಪಾ, ಇಷ್ಟ ಮೆತ್ತಗ! ಏ ಬಾಬಾಜಾನಣ್ಣ, ಸರೀ ಆಚೆ." ಬೆಂಚು ಖಾಲಿಯಾಯಿತು. ಗಾದಿ ತುಂಬಿತು.

"ಭೂಪಾಲ ಸರ್, ಬರ್ರಿ, ನಿಮ್ಮ ರೂಮ್ ರೆಡಿ ಐತಿ," ಭೀಮರಾಯ ದೊಡ್ಡ ದನಿಯಲ್ಲಿ ಕರೆದ. ನೋಡುವವರಿಗೆ ಅಂತರ ತಿಳಿಯಲಿ ಎಂದೇ ಕರೆದ.

ಭೂಪಾಲ ಹೆಂಡತಿಯ ಕೈ ಹಿಡಿದು ಕುರ್ಚಿಯಿಂದ ಎದ್ದ. ಸೀತಾಬಾಯಿ ಎದ್ದಳು. ಎದ್ದವಳು ಮೆಟ್ಟಿಲಿಗೆ ಹೋಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಬಂಗಾರದ ಬಳೆ ಸದ್ದು ಮಾಡುತ್ತ, ಕೆಂಪವ್ವನ ಬಾಜೂ ಗಾದಿಯ ಮೇಲೆ ಕೂತುಬಿಟ್ಟಳು.

"ಮೇಡಂ, ಅದು ಕಾರ್ಡಿನವರದು!"

"ನನ್ನದೂ ಕಾರ್ಡ ಐತಪಾ. ಬಣ್ಣ ಬ್ಯಾರೆ. ಹೊಟ್ಟಿ ಅದಽ."

ಭೂಪಾಲ ಅತ್ತಿತ್ತ ನೋಡಿದ. ಬೂಟು ಬಿಚ್ಚಿದ. ಗಾದಿಯಲ್ಲಿ ಜಾಗವಿರಲಿಲ್ಲ, ನೆಲಕ್ಕೆ ಕೂತ.

ಗಾದಿ ಚಿಕ್ಕದಾಗಿತ್ತು. ಕಾಲುಗಳು ಹೊರಗೆ ಚಾಚಿದ್ದವು, ಹುಣ್ಣಿನ ಕಾಲು, ಬಾವಿನ ಕಾಲು, ಬೆಳ್ಳಿಯ ಗೆಜ್ಜೆಯ ಕಾಲು. ಹಾದಿ ಕಟ್ಟಿತ್ತು. ಕೌಂಟರಿಗೆ ಯಾರೂ ಹೋಗಲಾರರು. ರೊಕ್ಕ ಕಟ್ಟುವವರು ಆ ಕಡೆ, ರಾಧಿಕಾ ಈ ಕಡೆ.

ಭೀಮರಾಯ ಸಿಟ್ಟಿಗೆ ಗಾದೆಮಾತು ಹುಡುಕಿದ. "ಹಾಸಗಿ ಇದ್ದಷ್ಟು ಕಾಲ ಚಾಚಬೇಕು ಅಂತ ಹಿರಿಯರು ಹೇಳ್ಯಾರ. ತಿಳೀತೈತೇನು ನಿಮಗ?"

ರಹಿಮಾಬಿ ನಕ್ಕಳು. ಹುಟ್ಟಿದಾಗಿನಿಂದ ಆ ಮಾತು ಕೇಳಿದ್ದಳು. ಪಗಾರ ಕಡಿಮೆ ಕೊಟ್ಟವರು ಹೇಳಿದ್ದರು. ಸಾಲೆ ಬಿಡಿಸಿದವರು ಹೇಳಿದ್ದರು. ತಲೆ ಬಾಗಿಸಿ ಕೇಳಿದ್ದಳು. ಇವತ್ತು ಅದು ತಪ್ಪು ಮನೆಗೆ ಬಂದಿತ್ತು.

"ಸಾಹೇಬರ, ಹಾಸಗಿ ಹೊಲಿಯಾಕೀನಽ ನಾನು. ಹಾಸಗಿ ಸಣ್ಣದಾದ್ರ ನಾವು ಕಾಲ ಮಡಚಂಗಿಲ್ಲ. ಹಾಸಗಿ ಹೆಚ್ಚ ಮಾಡ್ತೇವಿ."

ಸೆರಗಿನಿಂದ ಫೋನು ತೆಗೆದಳು. "ಫರೀನಾ, ಗಲ್ಲ್ಯಾಗ ಎಷ್ಟ ಗಾದಿ ಅದಾವ ಎಲ್ಲಾ ಟೆಂಪೋದಾಗ ಹಾಕು. ಹೂಂ, ನಿನ್ನ ಮದಿವೀದೂ ಹಾಕು!"

*

ಮಧ್ಯಾಹ್ನದ ಹೊತ್ತಿಗೆ ಗಾಜಿನ ದವಾಖಾನೆಯ ಹಾಲು ಮದುವೆಮನೆಯಾಗಿತ್ತು. ಕೆಂಪು ಖೋಳ, ಹಸಿರು ಖೋಳ, ಹೂವಿನ ಖೋಳ. ಟೆಂಪೋದಲ್ಲಿ ಗಾದಿಯ ಜತೆ ಗಲ್ಲಿಯೂ ಬಂದಿತ್ತು. ಯಾರೋ ರೊಟ್ಟಿ ಬಿಚ್ಚಿದರು, ಯಾರೋ ಶೇಂಗಾ ಹಿಂಡಿ ಹಂಚಿದರು. ಮೆತ್ತನ್ನ ಕುರ್ಚಿಯವರೂ ಕೈಯೊಡ್ಡಿದರು. ರಹಿಮಾಬಿ ಅಪ್ಪನ ಪದ ಎತ್ತಿದಳು. ಕೆಂಪವ್ವ ಹಿಂದಿನಿಂದ ಹಿಡಿದಳು. ಗಾಜಿಗೆ ತಾಗಿ ದನಿ ದುಪ್ಪಟ್ಟಾಯಿತು. ಹಾಲಿನಿಂದ ಹೊರಟ ವೀಡಿಯೋ ಗೋಕಾಕದ ಫೋನುಗಳಲ್ಲೆಲ್ಲ ಹಾಡತೊಡಗಿತು. ಯೋಜನೆಯ ಆಫೀಸಿನಿಂದ ಕರೆಯ ಮೇಲೆ ಕರೆ ಬಂದವು. ಭೀಮರಾಯನ ಅಂಗಿಯ ಇಸ್ತ್ರಿ ಮುರಿಯಿತು.

ಕೊನೆಗೆ ದೊಡ್ಡ ಡಾಕ್ಟರು ಮೇಲಿನಿಂದ ಇಳಿದು ಬಂದರು. ಕಾಲಿಡಲು ಜಾಗವಿಲ್ಲ. ಬೂಟು ಕಳಚಬೇಕಾಯಿತು. ಗಾದಿಗಳ ಮೇಲೆ ಕಾಲಿಡುತ್ತ ಬಂದು ಬಾಬಾಜಾನನ ಹತ್ತಿರ ಕೂತರು. ಗಂಟು ಒತ್ತಿ ನೋಡಿದರು. ಮುಖ ಗಂಭೀರವಾಯಿತು.

"ಇಷ್ಟ ದಿನ ಯಾಕ ಬರಲಿಲ್ಲ?"

ಹಾಲು ಗೊಳ್ಳೆಂದಿತು. ಬಾಬಾಜಾನನೂ ನಕ್ಕ, ನಕ್ಕದ್ದಕ್ಕೆ ನೋವಾಗಿ ಗಂಟು ಹಿಡಿದುಕೊಂಡ. ಡಾಕ್ಟರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಭೀಮರಾಯನ ಕಡೆ ತಿರುಗಿದರು. "ಮ್ಯಾಲಿನ ಮಜಲಿನ ಖಾಲಿ ವಾರ್ಡಿನ ಬೀಗಾ ತಗೀರಿ."

ರಾಧಿಕಾ ಮೈಕಿನ ಮುಂದೆ ಕೂತಳು. ಕರೆಯಬೇಕು. ಹೇಗೆ ಕರೆಯುವುದು? ಬಾಯಿಗೆ ಬಂದ ಮಾತು ನುಂಗಿದಳು. ಎದ್ದು ಗಾದಿಯ ಹತ್ತಿರ ಬಂದು ರಹಿಮಾಬಿಯ ಕಡೆ ಬಾಗಿದಳು. "ನಿಮ್ಮ ಹೆಸರೇನ್ರಿ?"

ರಹಿಮಾಬಿ ಕೆಂಪವ್ವನ ಕಡೆ ಬೆರಳು ಮಾಡಿದಳು. "ಮೊದಲ ಆಕೀದು. ಬೆಂಚಿಗೆ ಆಕಿನಽ ಹಿರ್ಯಾಕಿ."

ಮೈಕು ಗೊರಗೊರ ಅಂದಿತು. "ಕೆಂಪವ್ವ ಯಮನಪ್ಪ ಮಾದರ, ಬರ್ರಿ."

ಕೆಂಪವ್ವ ಏಳಲಿಲ್ಲ. ಕಣ್ಣು ಮುಚ್ಚಿಕೊಂಡಳು. "ಇನ್ನೊಮ್ಮೆ ಅನ್ನವಾ ನನ ಮಗಳ," ಅಂದಳು. "ಕೇಳಾಕ ಚಂದ ಅನಸ್ತೈತಿ."

*

ಬಾಬಾಜಾನನ ಹೊಟ್ಟೆಗೆ ಹೊಲಿಗೆ ಬಿತ್ತು. ಗಂಟು ಹೋಯಿತು. ಕೆಂಪವ್ವನ ಒಂದು ಬೆರಳು ಹೋಯಿತು, ಪಾದ ಉಳಿಯಿತು. ಸೀತಾಬಾಯಿಯ ಹಳ್ಳುಗಳನ್ನು ಭೂಪಾಲ ಸಣ್ಣ ಡಬ್ಬಿಯಲ್ಲಿ ಮನೆಗೆ ಒಯ್ದ. ಅವುಗಳಿಗೆ ತನ್ನ ಪಾಲು ಕಟ್ಟಬೇಕಾಯಿತು. ಕಟ್ಟುವಾಗ ಕೌಂಟರಿನಲ್ಲಿ ನಿಂತು, ಎಲ್ಲರಿಗೂ ಯಾಕೆ ಪೂರಾ ಇಲ್ಲ ಎಂದು ಅವನೇ ವಾದಿಸಿದನಂತೆ. ಬಸ್ಸಿನಲ್ಲಿ ಹೇಳಿದ್ದು ಮರೆತಿದ್ದ.

ನದಾಫ ಗಲ್ಲಿಯ ಚೀಲ ಮತ್ತೆ ತೂಗುತ್ತಿತ್ತು. ಒಂದು ಮುಂಜಾನೆ ಬಾಬಾಜಾನ ಹೊಸ್ತಿಲಲ್ಲಿ ಕೂತಿದ್ದ. ಕೂಡಬಲ್ಲೆ ಎಂದು ಹಾದುಹೋಗುವವರಿಗೆಲ್ಲ ತೋರಿಸುತ್ತ ಕೂತಿದ್ದ. ಒಳಗೆ ಫೋನು ಬಡಿಯಿತು.

"ರಹಿಮಾಬಿ ಆಂಟಿ, ನಾನ್ರಿ, ರಾಧಿಕಾ." ದನಿ ಪಿಸುಗುಟ್ಟಿತು. "ಇವತ್ತ ಮುಂಜಾನಿ ಮ್ಯಾನೇಜರು ಮತ್ತ ಬೆಡ್ ಇಲ್ಲ ಅನ್ನಾಕ ಹೇಳ್ಯಾರ್ರಿ. ಬೆಂಚ ತುಂಬೇತಿ."

ರಹಿಮಾಬಿ ಗೋಡೆಯ ಬಿಲ್ಲು ಇಳಿಸಿ ಹೆಗಲಿಗೆ ಹಾಕಿದಳು.

"ಹೌದಾ? ಎಷ್ಟ ಮಂದಿ ಅದಾರ ಹೇಳವಾ," ಅಂದಳು. "ಗಾದಿ ಉದ್ದ ಎಷ್ಟಿರಬೇಕು ನೋಡತೇನಿ."